ಬಾಹ್ಯಾಕಾಶದ ಮಾತು ತಿದ್ದಿದ ಗಣಿತ: ಆರು ದಶಕಗಳ ಲೆಕ್ಕ

ಅಮೆರಿಕದ ಕಾಲಮಾನದಂತೆ 1965ರ ಜುಲೈ 14ರಂದು ಮ್ಯಾರಿನರ್-4 ನೌಕೆ ಮಂಗಳನ ಪಕ್ಕದಲ್ಲಿ ಹಾದುಹೋಯಿತು. ಅದು ತೆಗೆದ ಒಂದೊಂದು ಚಿತ್ರದಲ್ಲೂ 200 ಸಾಲು, ಸಾಲಿಗೆ 200 ಚುಕ್ಕಿ, ಚುಕ್ಕಿಗೆ ಆರು ಬಿಟ್. ಸೆಕೆಂಡಿಗೆ ಎಂಟು ಚಿಲ್ಲರೆ ಬಿಟ್‌ಗಳ ವೇಗದಲ್ಲಿ ಒಂದು ಚಿತ್ರ ಭೂಮಿಗೆ ಬಂದು ಮುಗಿಯಲು ಎಂಟು ಗಂಟೆ ಹಿಡಿಯಿತು. ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ತಿದ್ದುವ ಉಪಾಯ ಆ ನೌಕೆಯಲ್ಲಿರಲಿಲ್ಲ. ಹಾಗಾಗಿ ಚಿತ್ರಗಳನ್ನು ಎರಡೆರಡು ಸಲ ಕಳಿಸಬೇಕಾಯಿತು. ಸರಿಯಾಗಿ ಐವತ್ತು ವರ್ಷಗಳ ನಂತರ, 2015ರ ಜುಲೈ 14ರಂದು, ನ್ಯೂ ಹೊರೈಜನ್ಸ್ ಪ್ಲೂಟೊವನ್ನು ದಾಟಿತು. ಅಲ್ಲಿಂದ ಬೆಳಕು ಬರಲೇ ನಾಲ್ಕೂವರೆ ಗಂಟೆ ಬೇಕು. ನೌಕೆಯ ಟ್ರಾನ್ಸ್‌ಮಿಟರ್ ಬರೀ 12 ವಾಟ್‌ನದು. ಆದರೂ ಪ್ಲೂಟೊದ ಹಿಮಬೆಟ್ಟಗಳು ಚುಕ್ಕಿಗೆ ಚುಕ್ಕಿ ಸ್ಪಷ್ಟವಾಗಿ ನಮ್ಮ ಕಣ್ಣಮುಂದೆ ಬಂದವು.

ಈ ಎರಡು ದಿನಗಳ ನಡುವೆ ಆಂಟೆನಾಗಳು ದೊಡ್ಡವಾದವು, ರಿಸೀವರ್‌ಗಳು ಸೂಕ್ಷ್ಮವಾದವು, ಕ್ಯಾಮೆರಾಗಳು ಬದಲಾದವು. ಅವುಗಳ ಕಥೆಯನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ದೋಷ ತಿದ್ದುವ ಸಂಕೇತಗಳ ಕಥೆಗೆ ಅಷ್ಟು ಜಾಗ ಸಿಕ್ಕಿಲ್ಲ. ಹಿಂತಿರುಗಿ ನೋಡಿದರೆ ನಮಗೆ ಎದ್ದು ಕಾಣುವುದು ಇಷ್ಟು: ಈ ಕ್ಷೇತ್ರದ ಅತಿ ದೊಡ್ಡ ಗಳಿಕೆಗಳು ತಕ್ಷಣಕ್ಕೆ ಯಾವ ಉಪಯೋಗವೂ ಕಾಣದೆ ವರ್ಷಗಟ್ಟಲೆ ಪುಸ್ತಕದಲ್ಲೇ ಉಳಿದ ಗಣಿತದಿಂದ ಬಂದಿವೆ.

ಮೂಲ ವಿಚಾರ ಸರಳ. ಗದ್ದಲದ ನಡುವೆ ಫೋನಿನಲ್ಲಿ ಹೆಸರು ಹೇಳುವಾಗ 'ಗಣಪತಿಯ ಗ, ಕಮಲದ ಕ' ಎನ್ನುತ್ತೇವಲ್ಲ, ಹಾಗೆ ಅಗತ್ಯಕ್ಕಿಂತ ಹೆಚ್ಚನ್ನು ಬೇಕೆಂದೇ ಸೇರಿಸಿ ಕಳಿಸುವುದು. ಒಂದಿಷ್ಟು ಕಳೆದುಹೋದರೂ ಉಳಿದದ್ದರಿಂದ ಮೂಲವನ್ನು ಊಹಿಸಬಹುದು. ಎಷ್ಟು ಸೇರಿಸಬೇಕು, ಹೇಗೆ ಸೇರಿಸಬೇಕು ಎಂಬುದರಲ್ಲಿದೆ ಕಷ್ಟ. 1948ರಲ್ಲಿ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಷಾನನ್, ಗದ್ದಲವಿರುವ ಪ್ರತಿ ದಾರಿಗೂ ಒಂದು ಸಾಮರ್ಥ್ಯವಿದೆ, ಅದನ್ನು ಮೀರದಿದ್ದರೆ ದೋಷವನ್ನು ನಮಗೆ ಬೇಕಾದಷ್ಟು ಕಡಿಮೆ ಮಾಡಬಲ್ಲ ಸಂಕೇತ ಇದ್ದೇ ಇರುತ್ತದೆ ಎಂದು ಸಾಧಿಸಿ ತೋರಿಸಿದರು. ಅಂಥ ಸಂಕೇತವನ್ನು ಕಟ್ಟುವ ಬಗೆಯನ್ನು ಅವರು ಹೇಳಲಿಲ್ಲ. ಅದನ್ನು ಹುಡುಕುವುದರಲ್ಲೇ ಮುಂದಿನ ಅರ್ಧ ಶತಮಾನ ಕಳೆಯಿತು.

1971ರಲ್ಲಿ ಮಂಗಳನನ್ನು ಸುತ್ತಿದ ಮ್ಯಾರಿನರ್-9 ರೀಡ್-ಮುಲ್ಲರ್ ಸಂಕೇತ ಬಳಸಿತು. ಆರು ಬಿಟ್ ಹೇಳಬೇಕಾದಲ್ಲಿ 32 ಬಿಟ್ ಕಳಿಸುವುದು. ಅದರಲ್ಲಿ ಏಳು ಬಿಟ್ ಕೆಟ್ಟರೂ ಸರಿಯಾದದ್ದನ್ನು ಗುರುತಿಸಬಹುದು. ಬೆಲೆ ದುಬಾರಿಯೇ. ಆದರೆ ಸುಮಾರು 7,300 ಚಿತ್ರಗಳು ಬಂದವು, ಮಂಗಳನ ಹೆಚ್ಚುಕಡಿಮೆ ಇಡೀ ಮೈಯ ನಕ್ಷೆಯಾಯಿತು.

ವಾಯೇಜರ್ ಅವಳಿ ನೌಕೆಗಳು 1977ರಲ್ಲಿ ಹೊರಟಾಗ ಇನ್ನೂ ಧೈರ್ಯದ ತೀರ್ಮಾನವೊಂದು ಆಯಿತು. ಗುರು, ಶನಿಗಳ ಹತ್ತಿರ ಚಿತ್ರೇತರ ಮಾಹಿತಿಗೆ ಹೆಚ್ಚಿನ ರಕ್ಷಣೆಯಾಗಿ ಗೋಲೇ ಸಂಕೇತ ಸಾಕಾಗಿತ್ತು. ಅದು ಮಾಹಿತಿಯ ಗಾತ್ರವನ್ನು ಇಮ್ಮಡಿ ಮಾಡುತ್ತಿತ್ತು. ಅದರ ಜೊತೆಗೆ, ಆಗಿನ್ನೂ ಪ್ರಯೋಗದ ಹಂತದಲ್ಲಿದ್ದ ರೀಡ್-ಸೊಲೊಮನ್ ಎನ್‌ಕೋಡರನ್ನೂ ನೌಕೆಯೊಳಗೆ ಇಟ್ಟು ಕಳಿಸಿದರು. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸೊಲೊಮನ್ 1960ರಲ್ಲಿ ಬರೆದ ಐದು ಪುಟದ ಲೇಖನದಿಂದ ಹುಟ್ಟಿದ್ದು ಅದು. ಲೇಖನ ಬಂದಾಗ ಅದನ್ನು ಬೇಗ ಬಿಡಿಸುವ ದಾರಿಯೇ ಗೊತ್ತಿರಲಿಲ್ಲ. ಬರ್ಲೆಕ್ಯಾಂಪ್ ಮತ್ತು ಮ್ಯಾಸಿ ಎಂಬ ಸಂಶೋಧಕರು ಆ ದಾರಿ ತೋರಿಸುವ ಹೊತ್ತಿಗೆ ಆ ದಶಕ ಮುಗಿಯುತ್ತ ಬಂದಿತ್ತು. 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ಬಳಿ ವಾಯೇಜರ್-2 ಮಾತಾಡಿದ್ದು ಆ ಸಂಕೇತದಲ್ಲೇ. 223 ಬೈಟ್‌ಗೆ 32 ಬೈಟ್ ಸೇರಿಸಿದರೆ 16 ಬೈಟ್‌ಗಳ ತಪ್ಪನ್ನು ತಿದ್ದಬಹುದು. ಇಂದು ತರಕಾರಿ ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಸ್ವಲ್ಪ ಹರಿದಿದ್ದರೂ ಹಣ ತಲುಪುವುದಕ್ಕೆ ಕಾರಣ ಇದೇ ಬಗೆಯ ಸಂಕೇತ.

ವಾಯೇಜರ್‌ನಲ್ಲಿ ರೀಡ್-ಸೊಲೊಮನ್ ಒಂದೇ ಇರಲಿಲ್ಲ. ಅದರ ಮೇಲೆ ಕನ್ವಲ್ಯೂಷನಲ್ ಸಂಕೇತದ ಇನ್ನೊಂದು ಹೊದಿಕೆಯೂ ಇತ್ತು. ಅದನ್ನು ಬಿಡಿಸುವ ವಿಧಾನ ಆಂಡ್ರ್ಯೂ ವಿಟರ್ಬಿ 1967ರಲ್ಲಿ ಕೊಟ್ಟದ್ದು. ಒಂದು ಪ್ರಮೇಯದ ಸಾಧನೆಯನ್ನು ಸುಲಭವಾಗಿ ವಿವರಿಸಲೆಂದು ಅವರು ಅದನ್ನು ರೂಪಿಸಿದ್ದರು; ಯಂತ್ರದಲ್ಲಿ ನಿಜವಾಗಿ ಓಡೀತು ಎಂದು ಆಗ ಅವರಿಗೇ ಅನ್ನಿಸಿರಲಿಲ್ಲ.

ಈ ಇಡೀ ಲೆಕ್ಕದಲ್ಲಿ ನಮ್ಮ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಗೆಲಿಲಿಯೊ ನೌಕೆಯ ಬಳಿ. ಗುರುವಿನತ್ತ ಹೊರಟಿದ್ದ ಅದರ ದೊಡ್ಡ ಆಂಟೆನಾ 1991ರ ಏಪ್ರಿಲ್‌ನಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳಬೇಕಿತ್ತು, ಬಿಚ್ಚಿಕೊಳ್ಳಲಿಲ್ಲ. ಸೆಕೆಂಡಿಗೆ 1,34,000 ಬಿಟ್ ಬರಬೇಕಾದಲ್ಲಿ, ಉಳಿದ ಸಣ್ಣ ಆಂಟೆನಾದಿಂದ ಹತ್ತರ ಆಸುಪಾಸು ಬಂದರೆ ಹೆಚ್ಚು ಎಂಬ ಸ್ಥಿತಿ. ರಿಪೇರಿಗೆ ಯಾರೂ ಹೋಗುವಂತಿರಲಿಲ್ಲ. ಬದಲಾಯಿಸಬಹುದಾಗಿದ್ದದ್ದು ಸಾಫ್ಟ್‌ವೇರ್ ಮಾತ್ರ. ಎಂಜಿನಿಯರುಗಳು ನೌಕೆಯಲ್ಲಿದ್ದ ಹಳೆಯ ಕನ್ವಲ್ಯೂಷನಲ್ ಎನ್‌ಕೋಡರ್‌ನ ಹಿಂದೆ ಸಾಫ್ಟ್‌ವೇರಿನಲ್ಲೇ ಇನ್ನೊಂದು ಎನ್‌ಕೋಡರ್ ಕಟ್ಟಿದರು; ಎರಡೂ ಸೇರಿ ಮೊದಲಿಗಿಂತ ಎಷ್ಟೋ ಬಲವಾದ ಒಂದೇ ಸಂಕೇತವಾಯಿತು. ರೀಡ್-ಸೊಲೊಮನ್ ಭಾಗದಲ್ಲಿ ಕೆಲವು ಸಂಕೇತಪದಗಳಿಗೆ ಹೆಚ್ಚು ರಕ್ಷಣೆ, ಕೆಲವಕ್ಕೆ ಕಡಿಮೆ. ಭೂಮಿಯಲ್ಲಿ ಮೊದಲು ಗಟ್ಟಿ ರಕ್ಷಣೆಯ ಪದಗಳನ್ನು ಬಿಡಿಸಿ, ಆ ಖಚಿತ ಉತ್ತರವನ್ನು ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ಮತ್ತೆ ಬಿಡಿಸುವುದು, ಹೀಗೆ ನಾಲ್ಕು ಸುತ್ತು. ಜೊತೆಗೆ ಚಿತ್ರಗಳ ಗಾತ್ರ ಇಳಿಸುವ ವಿಧಾನವನ್ನೂ ಮೇಲೆ ಕಳಿಸಿದರು, ಕೆಳಗಿನ ಆಂಟೆನಾಗಳನ್ನು ಜೋಡಿಸಿದರು. ವೇಗ ಸೆಕೆಂಡಿಗೆ 160 ಬಿಟ್‌ವರೆಗೆ ಏರಿತು. ಯೋಜಿಸಿದ ವಿಜ್ಞಾನದ ಸುಮಾರು ಶೇಕಡಾ 70ರಷ್ಟು ಕೈಸೇರಿತು. ಗುರುವಿನ ಉಪಗ್ರಹ ಯುರೋಪಾದ ಹಿಮದ ಕೆಳಗೆ ಸಮುದ್ರವಿರಬೇಕು ಎಂಬುದಕ್ಕೆ ಬಲವಾದ ಆಧಾರ ಸಿಕ್ಕಿದ್ದು ಈ ತೊರೆಯಂಥ ಸಣ್ಣ ಹರಿವಿನಲ್ಲೇ. ಗಣಿತಕ್ಕೆ ಇಷ್ಟು ನೇರವಾಗಿ ಋಣಿಯಾದ ಬಾಹ್ಯಾಕಾಶ ಯಾನ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

1993ರಲ್ಲಿ ಜಿನೀವಾದ ಸಮ್ಮೇಳನದಲ್ಲಿ ಬೆರೂ, ಗ್ಲಾವಿಯೊ ಮತ್ತು ತಿತಿಮಾಜ್‌ಶಿಮಾ ಟರ್ಬೊ ಸಂಕೇತಗಳನ್ನು ಮಂಡಿಸಿದರು. ಷಾನನ್ ಹೇಳಿದ ಮಿತಿಗೆ ಒಂದು ಡೆಸಿಬಲ್‌ಗಿಂತಲೂ ಹತ್ತಿರ ಬಂದಿದ್ದೇವೆ ಎಂದಾಗ ಹಲವು ಪಂಡಿತರು ನಂಬಲಿಲ್ಲ. ತಾವೇ ಮಾಡಿ ನೋಡಿದ ಮೇಲೆ ಒಪ್ಪಿದರು. ಮುಂದೆ ಪ್ಲೂಟೊದ ಚಿತ್ರಗಳು ಬಂದದ್ದು ಟರ್ಬೊ ಸಂಕೇತದಲ್ಲೇ. ಟರ್ಬೊ ಬಂದ ಬಳಿಕ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ರಾಬರ್ಟ್ ಗ್ಯಾಲಗರ್ 1960ರಲ್ಲೇ ಎಂಐಟಿಯ ತಮ್ಮ ಪ್ರಬಂಧದಲ್ಲಿ ಎಲ್‌ಡಿಪಿಸಿ ಎಂಬ ಸಂಕೇತಗಳನ್ನು ವಿವರಿಸಿದ್ದರು. ಅಂದಿನ ಕಂಪ್ಯೂಟರುಗಳಿಗೆ ಅದು ಭಾರವಾಯಿತು, ಪ್ರಬಂಧ ಕಪಾಟು ಸೇರಿತು. ತೊಂಬತ್ತರ ದಶಕದ ನಡುವಿನಲ್ಲಿ ಡೇವಿಡ್ ಮೆಕ್ಕೇ ಮತ್ತಿತರರು ಮತ್ತೆ ಕೈಗೆತ್ತಿಕೊಂಡಾಗ, ಟರ್ಬೊಗೆ ಸರಿಸಾಟಿಯಾದದ್ದು ಮೂವತ್ತೈದು ವರ್ಷ ಹಿಂದೆಯೇ ಬರೆದಿಡಲಾಗಿತ್ತು ಎಂದು ಗೊತ್ತಾಯಿತು. ಮೂರು ವರ್ಷದಲ್ಲಿ ಫಲ ತೋರಿಸಿ ಎಂದು ಸಂಶೋಧಕರನ್ನು ಕೇಳುವ ಅನುದಾನ ಸಮಿತಿಗಳು ಈ ಮೂವತ್ತೈದು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೆಕ್ಕದ ಇನ್ನೊಂದು ಬದಿಯೂ ಇದೆ. ಷಾನನ್ ಮಿತಿಯ ಅಂಚಿಗೆ ಬಂದಾಗಿದೆ. ರೇಡಿಯೊದಲ್ಲಿ ಸಂಕೇತದಿಂದ ಇನ್ನು ಹೆಚ್ಚು ಹಿಂಡಲು ಉಳಿದಿಲ್ಲ. ಆದ್ದರಿಂದ ಗಮನ ಲೇಸರ್ ಕಡೆ ಹೊರಳಿದೆ. 2023ರ ಡಿಸೆಂಬರಿನಲ್ಲಿ ಸೈಕಿ ನೌಕೆ ಮೂರು ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಿಂದ ಸೆಕೆಂಡಿಗೆ 26.7 ಕೋಟಿ ಬಿಟ್ ವೇಗದಲ್ಲಿ ವಿಡಿಯೊ ಕಳಿಸಿತು. ಒಂದೊಂದೇ ಬೆಳಕಿನ ಕಣ ಎಣಿಸುವ ಆ ದಾರಿಗೆ ಬೇರೆಯೇ ಸಂಕೇತ ಬೇಕು, ಅದರ ಗಣಿತ ಇನ್ನೂ ಬೆಳೆಯುತ್ತಿದೆ.

ಭಾರತದ ಪಾಲು ಇಲ್ಲಿ ಸಣ್ಣದಲ್ಲ. ಕೋಲ್ಕತ್ತದಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ ರಾಜ್ ಚಂದ್ರ ಬೋಸ್, ಅಮೆರಿಕದಲ್ಲಿ ತಮ್ಮ ಶಿಷ್ಯ ರಾಯ್‌ಚೌಧುರಿ ಜೊತೆ 1960ರಲ್ಲಿ ಪ್ರಕಟಿಸಿದ ಸಂಕೇತಗಳಿಗೆ, ಒಂದು ವರ್ಷ ಮೊದಲೇ ಅವನ್ನು ಕಂಡಿದ್ದ ಫ್ರಾನ್ಸಿನ ಓಕೆಂಗೆಮ್ ಹೆಸರೂ ಸೇರಿ ಬಿಸಿಎಚ್ ಎಂಬ ಹೆಸರು ಬಂತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಪಿ. ವಿಜಯ್ ಕುಮಾರ್ 1994ರಲ್ಲಿ ಸಹಲೇಖಕರೊಂದಿಗೆ ಹಳೆಯ ಒಗಟೊಂದನ್ನು ಬಿಡಿಸಿ ಬರೆದದ್ದು, ಈ ಕ್ಷೇತ್ರದವರೆಲ್ಲ ಓದುವ ಪ್ರಬಂಧ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹ ಭಾರತದ ಸ್ಥಾನ ಗುರುತಿಸುವ ವ್ಯವಸ್ಥೆಯಾದ ನಾವಿಕ್‌ಗೆ ಎಲ್1 ಎಂಬ ಹೊಸ ತರಂಗವನ್ನು ತಂದಿತು. ಆ ತರಂಗ ಹೊತ್ತು ತರುವ ಸಂದೇಶದಲ್ಲಿ ಬೋಸ್ ಅವರ ಬಿಸಿಎಚ್ ಇದೆ, ಗ್ಯಾಲಗರ್ ಅವರ ಎಲ್‌ಡಿಪಿಸಿ ಇದೆ. ಇಸ್ರೊ ಅದರ ಪೂರ್ಣ ವಿವರವನ್ನು ಬಹಿರಂಗವಾಗಿ ಪ್ರಕಟಿಸಿದೆ. ನಮ್ಮ ಯಾವ ಊರಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯಾದರೂ ಅದನ್ನು ಓದಿ, ತನ್ನದೇ ಡಿಕೋಡರ್ ಬರೆದು ನೋಡಬಹುದು.