ಹಾಯ್ಕುವಿಗೆ ಭರಣಿ ಮಳೆ ಒಗ್ಗದೆ?

5, 7, 5 ಎಂದು ಅಕ್ಷರ ಎಣಿಸಿದರೆ ಹಾಯ್ಕು ಆಯಿತೆಂಬ ನಂಬಿಕೆ ನಮ್ಮ ಕಿರಿಯ ಕವಿಗಳಲ್ಲಿ ಬೇರುಬಿಟ್ಟಿದೆ. ಜಪಾನಿನಲ್ಲಿ ದೀರ್ಘಸ್ವರಕ್ಕೆ ಎರಡು ಎಣಿಕೆ. ಆ ಲೆಕ್ಕ ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ. ಛಂದಸ್ಸು ಓದಿದವರಿಗೂ ಇದು ಹೊಳೆಯದಿರುವುದು ಸೋಜಿಗ. ಮೂರು ಸಾಲೇನೂ ನಮಗೆ ಹೊಸದಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ, ಸುಮಾರು 700ರಲ್ಲಿ, ತ್ರಿಪದಿ ಇದೆ.

ಲೆಕ್ಕ ಹಾಗಿರಲಿ. ಬಾಶೋನ ಪರಂಪರೆಯಲ್ಲಿ ಹಾಯ್ಕುವಿನ ಜೀವವಿರುವುದು ಋತುವನ್ನು ಸೂಚಿಸುವ ಒಂದು ಪದದಲ್ಲಿ. ಆ ಪದವನ್ನೂ ಇವರು ಜಪಾನಿನಿಂದಲೇ ತರಿಸುತ್ತಾರೆ! ಗುಂಡ್ಲುಪೇಟೆಯಲ್ಲಿ ಕುಳಿತು ಚೆರ್ರಿ ಹೂವು, ಹಿಮಪಾತ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ‘ಹಿಮ’ವೂ ಮುಸುಕುವ ಮಂಜೇ ಹೊರತು ಸುರಿಯುವ ಹಿಮವಲ್ಲ. ಚಾಮರಾಜನಗರದ ರೈತನನ್ನು ಕೇಳಿ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು 13-14 ದಿನಕ್ಕೊಂದು ಮಳೆಯ ಹೆಸರು ಹೇಳುತ್ತಾನೆ. ‘ಭರಣಿ’ ಎಂಬ ಮೂರಕ್ಷರದಲ್ಲಿ ಉತ್ತ ಹೊಲ, ಬಿತ್ತನೆಯ ಅವಸರ, ಸಾಲದ ದಿಗಿಲು ಎಲ್ಲವೂ ಅಡಗಿವೆ. ಮುಂಗಾರು ಕೈಕೊಟ್ಟರೆ ಹಿಂಗಾರನ್ನೇ ನೆಚ್ಚಬೇಕಾದ ಸೀಮೆಯಿದು. ಚಿತ್ತೆ, ಸ್ವಾತಿಗಳಿಗೆ ಇಲ್ಲಿ ಬೇರೆಯೇ ತೂಕ. ಇದಕ್ಕಿಂತ ಒಳ್ಳೆಯ ಋತುಪದಕೋಶ ಯಾವ ಹಾಯ್ಕು ಕವಿಗೆ ಬೇಕು?

ಜುಲೈ ಹೊತ್ತಿಗೆ ಗುಂಡ್ಲುಪೇಟೆಯ ರಸ್ತೆಯ ಇಕ್ಕೆಲದಲ್ಲಿ ಸೂರ್ಯಕಾಂತಿ ಅರಳುತ್ತದೆ. ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ, ಇಳಿದು ನೋಡುತ್ತಾರೆ. ನಮ್ಮ ಕವಿ ಇನ್ನೂ ಚೆರ್ರಿಯ ಎಸಳು ಎಣಿಸುತ್ತಿರುತ್ತಾನೆ.