ತೆಪ್ಪದ ಮೇಲೆ ಪಂಚಾಯ್ತಿ ಬೇಡ

'ನಾನು ಆವತ್ತೇ ಹೇಳಿದ್ದೆ.'

ಈ ಮಾತನ್ನು ನಿಮ್ಮ ಯಜಮಾನರಿಗೆ ಎಷ್ಟು ಸಲ ಹೇಳಿದ್ದೀರಿ? ಲೆಕ್ಕ ಇಟ್ಟಿಲ್ಲ ಅಲ್ವಾ? ನಾನೂ ಇಟ್ಟಿರಲಿಲ್ಲ. ಛತ್ರಿ ಮರೆತು ಮಳೆಯಲ್ಲಿ ನೆನೆದು ಬಂದದ್ದಕ್ಕೂ ಇದೇ ಮಾತು, ಕೂಡಿಟ್ಟ ದುಡ್ಡು ಕರಗಿಹೋದದ್ದಕ್ಕೂ ಇದೇ ಮಾತು. ಹೇಳಿದ ಕೂಡಲೇ ಮನಸ್ಸಿಗೆ ಒಂಥರಾ ಸಮಾಧಾನ. ಆದರೆ ಆಮೇಲೆ? ಆ ರಾತ್ರಿ ಊಟದ ತಟ್ಟೆಯ ಮುಂದೆ ಇಬ್ಬರೂ ಮೌನ. ಮನೆಯಲ್ಲಿ ಮಾತಾಡುವುದು ಟಿ.ವಿ. ಒಂದೇ.

ಈ ಮಾತಿನ ಬಗ್ಗೆ ನನ್ನನ್ನು ಯೋಚನೆಗೆ ಹಚ್ಚಿದ್ದು ಒಂದು ಸಮುದ್ರಯಾನದ ಕಥೆ. ಸಮುದ್ರ ಅಂದರೆ ನನಗೆ ಗೊತ್ತಿರುವುದು ಇಷ್ಟೇ: ಮಲ್ಪೆಯ ದಡದಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು ಕಾಲು ತೋಯಿಸಿಕೊಳ್ಳುವುದು. ಹೋದ ವರ್ಷ ನನ್ನ ತಮ್ಮ ಒಂದು ಪುಸ್ತಕ ತಂದುಕೊಟ್ಟ. ಸೋಫಿ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲೆಂಡಿನ ಲೇಖಕಿ 2024ರಲ್ಲಿ ಬರೆದ 'ಮಾರಿಸ್ ಅಂಡ್ ಮರಲಿನ್'. ಕಥೆ, ಕಾದಂಬರಿ ಅಲ್ಲ, ನಿಜವಾಗಿ ನಡೆದದ್ದು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಓದಲು ಕೂತವಳು, ಮಗಳು ಸ್ಕೂಲಿನಿಂದ ಬಂದು ಬೆಲ್ ಮಾಡಿದಾಗಲೇ ಎದ್ದದ್ದು.

ಮಾರಿಸ್ ಬೈಲಿ ಮತ್ತು ಮರಲಿನ್ ಬೈಲಿ ಇಂಗ್ಲೆಂಡಿನ ಡರ್ಬಿ ಊರಿನ ಗಂಡ ಹೆಂಡತಿ. ಶ್ರೀಮಂತರೇನಲ್ಲ, ನಮ್ಮ ನಿಮ್ಮ ಹಾಗೆ ತಿಂಗಳ ಸಂಬಳದವರು. ಆದರೆ ಅವರಿಗೆ ಒಂದು ಹುಚ್ಚು. ಇದ್ದ ಮನೆ ಮಾರಿ, ಆ ದುಡ್ಡಿನಲ್ಲಿ ಹಾಯಿದೋಣಿ ಮಾಡಿಸಿಕೊಂಡು ನ್ಯೂಜಿಲೆಂಡಿಗೆ ಹೋಗಬೇಕು ಅಂತ! ಮನೆ ಮಾರೋಣ ಎಂಬ ಯೋಚನೆ ಮೊದಲು ಬಂದದ್ದು ಗಂಡನಿಗಲ್ಲ, ಹೆಂಡತಿಗೆ. ಆಕೆಗೆ ಈಜು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. 31 ಅಡಿ ಉದ್ದದ ಆ ದೋಣಿಗೆ ಇಬ್ಬರ ಹೆಸರಿನ ತುಣುಕುಗಳನ್ನೂ ಸೇರಿಸಿ 'ಆರಲಿನ್' ಎಂದು ಹೆಸರಿಟ್ಟರು. 1972ರ ಜೂನ್‌ನಲ್ಲಿ ಸೌತಾಂಪ್ಟನ್ ಬಂದರಿನಿಂದ ಹೊರಟರು. ಅಟ್ಲಾಂಟಿಕ್ ಸಾಗರ ದಾಟಿದರು, 1973ರ ಫೆಬ್ರವರಿಯಲ್ಲಿ ಪನಾಮಾ ಕಾಲುವೆ ಹಾದು ಪೆಸಿಫಿಕ್ ಸಾಗರಕ್ಕೆ ಇಳಿದರು.

ಇಲ್ಲೊಂದು ಸಂಗತಿ ಗಮನಿಸಿ. ದೋಣಿಯಲ್ಲಿ ಬೇರೆಯವರಿಗೆ ಸಂದೇಶ ಕಳಿಸುವ ರೇಡಿಯೋ ಇರಲಿಲ್ಲ. ಹೊರಗಿನವರ ತಲೆಬಿಸಿ ನಮಗೆ ಬೇಡ, ನಾವು ಸ್ವತಂತ್ರವಾಗಿರಬೇಕು ಎಂಬುದು ಮಾರಿಸ್ ಅವರ ಹಟ.

1973ರ ಮಾರ್ಚ್ 4ರ ಬೆಳಗಿನ ಜಾವ ಗ್ಯಾಲಪಗೋಸ್ ದ್ವೀಪಗಳ ಕಡೆ ಸಾಗುತ್ತಿದ್ದಾಗ ತಿಮಿಂಗಿಲವೊಂದು ದೋಣಿಗೆ ಬಡಿಯಿತು. ತಳದಲ್ಲಿ ತೂತು. ದಿಂಬು, ಬಟ್ಟೆ ತುರುಕಿ ನೋಡಿದರು, ನೀರು ನಿಲ್ಲಲಿಲ್ಲ. ಒಂದು ಗಂಟೆಯೊಳಗೆ ಮನೆ, ಉಳಿತಾಯ, ಕನಸು ಎಲ್ಲ ಸಮುದ್ರದ ಪಾಲು. ಉಳಿದದ್ದು ಗಾಳಿ ತುಂಬಿದ ಒಂದು ರಬ್ಬರ್ ತೆಪ್ಪ, ಅದಕ್ಕೆ ಕಟ್ಟಿದ ಒಂದು ಪುಟ್ಟ ರಬ್ಬರ್ ದೋಣಿ, ಕೈಗೆ ಸಿಕ್ಕಷ್ಟು ಡಬ್ಬಿ ಆಹಾರ ಮತ್ತು ನೀರು.

ಇಬ್ಬರಿಗೂ ಸರಿಯಾಗಿ ಕಾಲು ಚಾಚಲು ಜಾಗವಿಲ್ಲದ ಆ ತೆಪ್ಪದಲ್ಲಿ ಅವರು ಎಷ್ಟು ದಿನ ಇದ್ದರು ಗೊತ್ತೇ? 117 ದಿನ. ಸುಮಾರು ನಾಲ್ಕು ತಿಂಗಳು!

ಡಬ್ಬಿಗಳು ಖಾಲಿಯಾದ ಮೇಲೆ ಮಳೆ ನೀರು ಹಿಡಿದು ಕುಡಿದರು. ಗಾಳ ಇರಲಿಲ್ಲ. ಮರಲಿನ್ ಸೇಫ್ಟಿ ಪಿನ್ನು ಬಗ್ಗಿಸಿ ಗಾಳ ಮಾಡಿದರು. ನೋಡಿ, ನಮ್ಮ ಬಳೆಗೆ ಸಿಕ್ಕಿಸಿಕೊಳ್ಳುವ ಅದೇ ಪಿನ್ನು! ಮೀನು, ಆಮೆ, ಕಡಲ ಹಕ್ಕಿ ಎಲ್ಲವನ್ನೂ ಹಸಿಯಾಗಿಯೇ ತಿಂದರು. ಒಮ್ಮೆ ಆಮೆಯನ್ನು ಹಗ್ಗದಿಂದ ಕಟ್ಟಿ ತೆಪ್ಪ ಎಳೆಸಿಕೊಳ್ಳಲು ನೋಡಿದರು. ಇನ್ನೊಂದು ಆಮೆಯನ್ನೂ ಕಟ್ಟಿದರೆ ಅದು ಬೇರೆಯೇ ದಿಕ್ಕಿಗೆ ಹೊರಟಿತು. ಓದುವಾಗ ನನಗೆ ನಗು ಬಂತು. ನಮ್ಮನೆಯಲ್ಲೂ ಎಷ್ಟೋ ದಿನ ಹೀಗೇ ಅಲ್ವಾ ಅನ್ನಿಸಿತು.

ಒಂದರ ಹಿಂದೆ ಒಂದರಂತೆ ಏಳು ಹಡಗುಗಳು ಇವರನ್ನು ಗಮನಿಸದೇ ಹಾದುಹೋದವು. ಮಾರಿಸ್ ಕುಸಿದರು, ಕಾಯಿಲೆ ಬಿದ್ದರು, ಬದುಕುವ ಆಸೆ ಕೈಬಿಟ್ಟರು. ಮರಲಿನ್ ಬಿಡಲಿಲ್ಲ. ಡೈರಿ ಬರೆದರು. ಕಾಗದದಲ್ಲಿ ಇಸ್ಪೀಟ್ ಎಲೆ ಮಾಡಿ ಗಂಡನನ್ನು ಆಟಕ್ಕೆ ಕೂರಿಸಿದರು. ಊರಿಗೆ ಹೋದ ಮೇಲೆ ಯಾರನ್ನು ಊಟಕ್ಕೆ ಕರೆಯುವುದು, ಏನೇನು ಅಡುಗೆ ಮಾಡುವುದು ಎಂದು ಪಟ್ಟಿ ಮಾಡಿದರು. ಎಲ್ಲಕ್ಕಿಂತ ಆಶ್ಚರ್ಯದ ಸಂಗತಿ, ಮುಂದಿನ ದೋಣಿ ಹೇಗಿರಬೇಕು ಎಂದು ಇಬ್ಬರೂ ಕೂತು ನಕ್ಷೆ ಹಾಕಿದರು. ಮುಳುಗಿ ಹೋದವರು ಇನ್ನೊಂದು ದೋಣಿಯ ಮಾತಾಡುತ್ತಾರೆ ಅಂದರೆ!

1973ರ ಜೂನ್ 30ರಂದು ದಕ್ಷಿಣ ಕೊರಿಯಾದ 'ವೋಲ್ಮಿ 306' ಎಂಬ ಮೀನುಗಾರಿಕೆ ಹಡಗು ಅವರನ್ನು ಕಂಡು ಮೇಲೆತ್ತಿಕೊಂಡಿತು. ಅಷ್ಟರಲ್ಲಿ ತೆಪ್ಪ ಸುಮಾರು 1500 ಮೈಲಿ ತೇಲಿತ್ತು. ಒಬ್ಬೊಬ್ಬರೂ 18 ಕಿಲೋದಷ್ಟು ಇಳಿದಿದ್ದರು, ನಿಲ್ಲಲೂ ಕಾಲಿಗೆ ಶಕ್ತಿ ಇರಲಿಲ್ಲ.

ಪುಸ್ತಕ ಮುಚ್ಚಿಟ್ಟು ನಾನು ಯೋಚಿಸಿದ್ದು ಆಮೆಯ ಬಗ್ಗೆ ಅಲ್ಲ, ಆ ರೇಡಿಯೋ ಬಗ್ಗೆ. ಏಳು ಹಡಗು ಕಣ್ಣೆದುರೇ ಹೋಗುವಾಗ ಆ ಹೆಂಡತಿಯ ಜಾಗದಲ್ಲಿ ನಾನಿದ್ದಿದ್ದರೆ? ಮೊದಲ ಹಡಗು ಮರೆಯಾಗುವ ಮುಂಚೆಯೇ 'ರೇಡಿಯೋ ಇಟ್ಟುಕೊಂಡಿದ್ರೆ ಹೀಗಾಗ್ತಿತ್ತಾ?' ಅಂತ ಶುರು ಮಾಡಿರುತ್ತಿದ್ದೆ. ನಾಲ್ಕು ತಿಂಗಳು ಅದೇ ವಿಚಾರಣೆ ನಡೆಸಲು ಆಕೆಗೂ ಬೇಕಾದಷ್ಟು ಸಮಯವಿತ್ತು. ಆದರೆ ಆಕೆಯ ದಿನಗಳು ತುಂಬಿದ್ದು ಪಿನ್ನು, ಮೀನು, ಮಳೆ ನೀರು, ನಾಳೆಯ ಪಟ್ಟಿ, ಇವುಗಳಿಂದ.

ಈಗ ನಮ್ಮನೆ ವಿಷಯ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮವರು ಪರಿಚಯದವರೊಬ್ಬರ ವ್ಯಾಪಾರಕ್ಕೆ ನಮ್ಮ ಎಫ್‌ಡಿ ಒಡೆದು ದುಡ್ಡು ಹಾಕಿದರು. ಒಂದೇ ವರ್ಷದಲ್ಲಿ ಅಂಗಡಿ ಬಾಗಿಲು ಮುಚ್ಚಿತು. ಮಗಳ ಫೀಸಿಗೆ ನನ್ನ ಸರ ಅಡವಿಟ್ಟದ್ದೂ ಆಯಿತು. ಆ ಮೂರು ತಿಂಗಳು ನಾನು ಬಡಿಸಿದ ಪ್ರತಿ ತುತ್ತಿನ ಜೊತೆ 'ನಾನು ಆವತ್ತೇ ಹೇಳಿದ್ದೆ' ಎಂಬುದನ್ನೂ ಬಡಿಸಿದೆ. ಅವರು ಮನೆಗೆ ತಡವಾಗಿ ಬರತೊಡಗಿದರು. ಬೇರೆ ಕೆಲಸಕ್ಕೆ ಅರ್ಜಿ ಹಾಕುವ ಉತ್ಸಾಹವೂ ಹೋಯಿತು. ಬೆಳಿಗ್ಗೆ ಪೇಪರ್ ಹಿಡಿದು ಬಾಲ್ಕನಿಯಲ್ಲಿ ಕೂತರೆ ಹನ್ನೊಂದಾದರೂ ಎದ್ದೇಳುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ನಾನು ಆವತ್ತು ಹೇಳಿರಲೇ ಇಲ್ಲ! ಎಫ್‌ಡಿ ಇದ್ದದ್ದು ಇಬ್ಬರ ಹೆಸರಿನಲ್ಲಿ. ಫಾರಂ ತಂದಾಗ ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಸಹಿ ಹಾಕಿದ್ದೆ. ಇಷ್ಟವಿರಲಿಲ್ಲ, ಮುಖ ಊದಿಸಿಕೊಂಡೆ. ಅಷ್ಟೇ. ಮುಖ ಊದಿಸುವುದನ್ನೇ ನಾವು 'ಹೇಳಿದ್ದು' ಅಂತ ಲೆಕ್ಕಕ್ಕೆ ಹಿಡಿದುಬಿಡುತ್ತೇವೆ. ನೀವೇ ಯೋಚಿಸಿ, ನಿಮ್ಮಲ್ಲೂ ಹೀಗೇ ಆಗಿಲ್ಲವೇ?

ನಮ್ಮಲ್ಲಿ ವಿಚಾರಣೆ ನಿಂತದ್ದು ನನ್ನ ಬುದ್ಧಿವಂತಿಕೆಯಿಂದಲ್ಲ, ಸಾಕಾಗಿ. ಒಂದು ದಿನ ಮಗಳು 'ಅಮ್ಮಾ, ಇವತ್ತು ಜಗಳ ಬೇಡ, ನಂಗೆ ಟೆಸ್ಟ್ ಇದೆ' ಅಂದಳು. ನಾಚಿಕೆಯಾಯಿತು. ಆ ವಾರ ದುಡ್ಡಿನ ಮಾತು ಎತ್ತಲಿಲ್ಲ. ಮನೆ ಖರ್ಚಿನ ಪುಸ್ತಕ ಅವರ ಕೈಗೆ ಕೊಟ್ಟು 'ಈ ತಿಂಗಳು ನೀವೇ ಬರೀರಿ' ಅಂದೆ. ಸಂಜೆ ಜೊತೆಯಲ್ಲಿ ತರಕಾರಿಗೆ ಹೋದೆವು. ಒಂದೂವರೆ ತಿಂಗಳಿಗೆ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ. ದುಡ್ಡು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಮರಲಿನ್ ಕಥೆ ಓದಿದಾಗ, ನಾವು ಗೊತ್ತಿಲ್ಲದೇ ಮಾಡಿದ್ದು ಇದನ್ನೇ ಅಂತ ಅರ್ಥವಾಯಿತು.

'ಅಂದರೆ ಹೆಂಗಸರೇ ಯಾವಾಗಲೂ ಬಾಯಿ ಮುಚ್ಚಿಕೊಂಡಿರಬೇಕಾ?' ಅಂತ ನೀವು ಕೇಳಬಹುದು. ಖಂಡಿತ ಇಲ್ಲ. ತಪ್ಪಿನ ಲೆಕ್ಕ ಮುಂದೆ ಹಾಕಿ ಅನ್ನುತ್ತೇನೆಯೇ ಹೊರತು ಹರಿದು ಹಾಕಿ ಅನ್ನುವುದಿಲ್ಲ. ನೀರು ನುಗ್ಗುವಾಗ ತೂತು ಮುಚ್ಚಬೇಕು. ದಡ ಸೇರಿದ ಮೇಲೆ ಕೂತು ಮಾತಾಡಲೇಬೇಕು. ನಾವೂ ಕೂತೆವು. ಹೊಸ ಕೆಲಸ ಸಿಕ್ಕ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಗಳನ್ನು ಅಜ್ಜಿ ಮನೆಗೆ ಕಳಿಸಿ ಎಲ್ಲವನ್ನೂ ಎತ್ತಿ ಆಡಿದೆವು. ನಾನು ಅತ್ತೆ, ಅವರೂ ಕಣ್ಣೊರೆಸಿಕೊಂಡರು. ಆವತ್ತಿನಿಂದ ನಮ್ಮನೆಯಲ್ಲಿ ಒಂದು ಕಟ್ಟುಪಾಡು: ಹತ್ತು ಸಾವಿರ ದಾಟಿದ ಯಾವ ವ್ಯವಹಾರಕ್ಕೂ ಇಬ್ಬರೂ ಬಾಯಿಬಿಟ್ಟು 'ಹೂಂ' ಅನ್ನಬೇಕು. ಮುಖ ಊದಿಸಿದ್ದು ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ಕುಡಿದು ಬಂದು ಹೊಡೆಯುವ ಗಂಡನ ಮನೆಗೆ ಈ ಸಲಹೆ ಅನ್ವಯಿಸುವುದಿಲ್ಲ. ಅಲ್ಲಿ ತಿಮಿಂಗಿಲ ದೋಣಿಯ ಒಳಗೇ ಇದೆ. ಅಲ್ಲಿ ತಾಳ್ಮೆ ಬೇಡ, ಸಹಾಯ ಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ.

ಹಾಗಾದರೆ ನಾವು ಮಾಡಬೇಕಾದ್ದೇನು? ದೋಣಿ ಮುಳುಗುವ ಮುಂಚೆಯೇ ರೇಡಿಯೋ ಕೇಳಿ ಪಡೆಯಬೇಕು. 'ನಮ್ಮ ಸಂಸಾರ ನಮಗೆ ಸಾಕು, ಹೊರಗಿನವರು ಯಾಕೆ' ಅನ್ನುವ ಹಟ ಕೇಳಲು ಚೆನ್ನಾಗಿರುತ್ತೆ, ಕಷ್ಟ ಬಂದಾಗ ಒಬ್ಬರೂ ಇರುವುದಿಲ್ಲ. ನಿಮ್ಮದೇ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ಇರಲಿ, ಅದನ್ನು ನೀವೇ ನಡೆಸಿ. ಎಲ್‌ಐಸಿ ಬಾಂಡು, ಎಫ್‌ಡಿ, ಸಾಲದ ಪತ್ರ ಎಲ್ಲೆಲ್ಲಿವೆ, ನಾಮಿನಿ ಯಾರು ಅಂತ ಇಬ್ಬರಿಗೂ ಗೊತ್ತಿರಲಿ. ಓದದೇ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಒಲೆ ಆರಿಸಿ, ಸೌಟು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು ಓದಿ. ಅಕ್ಕನೋ, ಗೆಳತಿಯೋ, ಮನೆಯ ನಿಜ ಪರಿಸ್ಥಿತಿ ಬಲ್ಲವರು ಒಬ್ಬರಾದರೂ ಇರಲಿ.

ಅಷ್ಟಾದರೂ ತಿಮಿಂಗಿಲ ಬರಬಹುದು. ಕೆಲಸ ಹೋಗಬಹುದು, ಕಾಯಿಲೆ ಬರಬಹುದು. ಆಗ ಬೆಳಗಾದರೆ ಒಂದು ಕೆಲಸ, ಸಂಜೆಗೆ ಒಂದು ಆಟ, ನಾಳೆಗೆ ಒಂದು ಪಟ್ಟಿ ಅಂತ ಇಟ್ಟುಕೊಳ್ಳಿ. ಇದು ಹೆಂಡತಿಗೆ ಮಾತ್ರ ಹೇಳುವ ಮಾತಲ್ಲ. ನೀವು ಕುಸಿದ ದಿನ ಅವರು ಇಸ್ಪೀಟ್ ಎಲೆ ಹಂಚಬೇಕು. ಈ ಪುಟವನ್ನು ಮಡಿಸಿ ನಿಮ್ಮವರ ಕಾಫಿ ಲೋಟದ ಪಕ್ಕ ಇಡಿ.

ಅಂದಹಾಗೆ, ಆ ದಂಪತಿ ತೆಪ್ಪದಲ್ಲಿ ಮಾತಾಡಿಕೊಂಡ ಇನ್ನೊಂದು ದೋಣಿ ಬರೀ ಕನಸಾಗಿ ಉಳಿಯಲಿಲ್ಲ. 1974ರಲ್ಲಿ ತಮ್ಮ ಅನುಭವವನ್ನು ಪುಸ್ತಕ ಮಾಡಿದರು. ಮುಂದೆ 'ಆರಲಿನ್ 2' ಎಂಬ ದೋಣಿಯಲ್ಲಿ ಇಬ್ಬರೂ ಮತ್ತೆ ಸಮುದ್ರಕ್ಕಿಳಿದು ಪ್ಯಾಟಗೋನಿಯಾದವರೆಗೂ ಹೋಗಿಬಂದರು. ಮರಲಿನ್ 2002ರಲ್ಲಿ, ಮಾರಿಸ್ 2018ರಲ್ಲಿ ತೀರಿಕೊಂಡರು.

ನಮ್ಮನೆಯಲ್ಲೂ ಮತ್ತೆ ಎಫ್‌ಡಿ ಶುರುವಾಗಿದೆ. ಚಿಕ್ಕದು. ಈ ಸಲ ಫಾರಂ ತುಂಬಿದವಳು ನಾನು. ಓದಿ ನೋಡಿ ಸಹಿ ಹಾಕಿದವರು ಅವರು.