ಹಳೇ ಗುಂಡಿಯ ಲೆಕ್ಕ ಕೊಡಿ, ಆಮೇಲೆ ಹೊಸ ಗುಂಡಿಯ ಮಾತಾಡಿ!

ಗುಡ್ಡದ ಸುತ್ತಲಿನ ಎಲ್ಲಾ ಹಳ್ಳಿಗಳ ರೈತರು, ರೇಷ್ಮೆ ಬೆಳೆಗಾರರು, ಕೂಲಿಕಾರರು, ತಾಯಂದಿರು ಮತ್ತು ಯುವಕರಲ್ಲಿ ಮನವಿ

ಬಂಧುಗಳೇ,

ಬರುವ ಸೋಮವಾರ ಬೆಳಿಗ್ಗೆ 11 ಗಂಟೆಗೆ ನಮ್ಮ ಗುಡ್ಡದ ಕಲ್ಲು ಕ್ವಾರಿ ವಿಸ್ತರಣೆಯ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಯಲಿದೆ. ಗುಡ್ಡದ ಒಂದು ಮಗ್ಗುಲನ್ನು ಪಾತಾಳ ಮಾಡಿ ಮುಗಿಸಿದವರು ಈಗ ಇನ್ನೊಂದು ಮಗ್ಗುಲಿನ ಗೋಮಾಳಕ್ಕೆ ಕೈ ಹಾಕಿದ್ದಾರೆ. ಹಾಲಿ ಕ್ವಾರಿಯಲ್ಲಿ ಎಲ್ಲಾ ಷರತ್ತುಗಳನ್ನೂ ಪಾಲಿಸಿದ್ದೇವೆ ಎಂದು ಅರ್ಜಿಯಲ್ಲಿ ಬರೆದುಕೊಟ್ಟಿದ್ದಾರೆ. ಆ ಕಾಗದವನ್ನು ಓದಿದವರಿಗೆ ರಕ್ತ ಕುದಿಯದೆ ಇರುತ್ತದೆಯೇ?

ಯಾವ ಷರತ್ತು ಸ್ವಾಮಿ? ಗುತ್ತಿಗೆ ಜಾಗದ ಗಡಿಯುದ್ದಕ್ಕೂ ಏಳೂವರೆ ಮೀಟರ್ ಪಟ್ಟಿಯನ್ನು ಮುಟ್ಟದೆ ಬಿಡಬೇಕಿತ್ತು. ಇವತ್ತು ಗುಂಡಿಯ ಅಂಚು ರೈತರ ಬದುವಿಗೆ ಬಂದು ನಿಂತಿದೆ. ಗುಂಡಿಯ ಸುತ್ತ ಬೇಲಿ ಇರಬೇಕಿತ್ತು, ಒಂದು ಕಂಬವೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಅಗೆದು ಇಳಿಯಬೇಕಿತ್ತು, ಗೋಡೆಯ ಹಾಗೆ ನೇರ ಕಡಿದಿದ್ದಾರೆ. ಟಿಪ್ಪರ್‌ಗಳಿಗೆ ಟಾರ್ಪಾಲ್ ಹೊದಿಸಬೇಕಿತ್ತು, ದಾರಿಗೆ ನೀರು ಹೊಡೆಯಬೇಕಿತ್ತು, ಗಡಿಗುಂಟ ಗಿಡ ಬೆಳೆಸಬೇಕಿತ್ತು. ಅಧಿಕಾರಿಗಳು ಬರುವ ದಿನ ಮಾತ್ರ ರಸ್ತೆ ಟ್ಯಾಂಕರ್ ನೀರು ಕಾಣುತ್ತದೆ. ಕ್ವಾರಿಯ ಮಣ್ಣು, ಕಲ್ಲುಚೂರು ರಾಜಕಾಲುವೆಗೆ ಬಿದ್ದು, ಗುಡ್ಡದ ಮಳೆ ನೀರು ಕೆರೆಯ ಮುಖವನ್ನೇ ನೋಡುತ್ತಿಲ್ಲ. ಬೋರ್‌ವೆಲ್‌ಗಳು ಬತ್ತಿದ ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೆರೆಗೆ ಬರುವ ನೀರನ್ನು ಕಟ್ಟಿಹಾಕುವುದು ಯಾವ ಷರತ್ತಿನಲ್ಲಿ ಬರೆದಿದೆ?

ಕಾನೂನು ಯಾರ ಪರವಾಗಿದೆ?

ಕಾನೂನು ಗೊತ್ತಿಲ್ಲದ ಹಳ್ಳಿ ಜನ ಎಂದು ನಮ್ಮನ್ನು ಅಂದುಕೊಂಡಿದ್ದಾರೆ. ಗೊತ್ತಿದೆ, ಕೇಳಿ. ಪರಿಸರ ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕೆಂದು 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಹೇಳುತ್ತದೆ. ಆ ವರದಿ ಸಾರ್ವಜನಿಕ ದಾಖಲೆ. ವಿಸ್ತರಣೆ ಬೇಕೆಂದರೆ ಹಳೆಯ ಷರತ್ತುಗಳು ಸ್ಥಳದಲ್ಲಿ ಪಾಲನೆಯಾಗಿವೆಯೇ ಎಂದು ಪರಿಶೀಲಿಸಿದ ದೃಢೀಕೃತ ವರದಿಯೂ ಬೇಕು. ಹಳೇ ಸಾಲ ತೀರಿಸದ ರೈತನಿಗೆ ಸೊಸೈಟಿಯಲ್ಲಿ ಹೊಸ ಸಾಲ ಹುಟ್ಟುವುದಿಲ್ಲ. ಹಳೇ ಗುಂಡಿಯ ಲೆಕ್ಕ ಕೊಡದವರಿಗೆ ಮಾತ್ರ ಹೊಸ ಗುಡ್ಡ ಹೇಗೆ ಸಿಗುತ್ತದೆ?

ಇನ್ನು ಗೋಮಾಳ. ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ನಮ್ಮ ರಾಜ್ಯದ ಭೂಕಂದಾಯ ನಿಯಮಗಳೇ ಹೇಳುತ್ತವೆ. ಮನೆ ಮನೆಯಲ್ಲೂ ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುವ ಊರುಗಳು ನಮ್ಮವು. ಕುರಿ ಮೇಕೆಗಳಿಗೂ ಈ ಗುಡ್ಡದ ತಪ್ಪಲೇ ಗತಿ. ರಾಸುಗಳ ಲೆಕ್ಕ ತೆಗೆದವರು ಯಾರು? ಉಳಿದ ಗೋಮಾಳ ಎಷ್ಟೆಂದು ಅಳೆದವರು ಯಾರು? ಊರಿನ ಸಮುದಾಯದ ಜಮೀನನ್ನು ಅಕ್ರಮವಾಗಿ ಹಿಡಿದವರನ್ನು ತೆರವು ಮಾಡಿಸಿ ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಎಲ್ಲಾ ರಾಜ್ಯಗಳಿಗೂ ಹೇಳಿದೆ. ಗಣಿಗಾರಿಕೆ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು, ಮೇವು ಬೆಳೆಯುವಂತೆ ಮಾಡಿಕೊಡಬೇಕು ಎಂದು 2020ರ ಜನವರಿಯಲ್ಲಿ ಅದೇ ನ್ಯಾಯಾಲಯ ಆದೇಶಿಸಿದೆ. ಹಳೇ ಗುಂಡಿಯಲ್ಲಿ ಕಲ್ಲು ತೆಗೆದು ಮುಗಿಸಿದ ಭಾಗದಲ್ಲಿ ಹುಲ್ಲು ಎಲ್ಲಿದೆ, ತೋರಿಸಿ. ಒಂದು ಹಿಡಿ ತೋರಿಸಿದರೆ ಸಾಕು!

ಇನ್ನೊಂದು ಮೋಸವೂ ಇದೆ. ಒಂದೇ ಗುಡ್ಡವನ್ನು 5 ಹೆಕ್ಟೇರ್‌ಗಿಂತ ಚಿಕ್ಕ ಚಿಕ್ಕ ತುಂಡು ಮಾಡಿ, ಬೇರೆ ಬೇರೆ ಹೆಸರಿನಲ್ಲಿ ಗುತ್ತಿಗೆ ಪಡೆದು ಪರಿಶೀಲನೆಯಿಂದ ತಪ್ಪಿಸಿಕೊಳ್ಳುವುದು. ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಮುಚ್ಚಿತು. 5 ಹೆಕ್ಟೇರ್‌ಗಿಂತ ಕಡಿಮೆ ಇದ್ದರೂ ಪರಿಸರ ಅನುಮತಿ ಬೇಕೇ ಬೇಕು ಎಂದಿತು. ಆಮೇಲೆ ಬಂದ ನಿಯಮದಂತೆ 500 ಮೀಟರ್ ಒಳಗೆ ಅಕ್ಕಪಕ್ಕ ಇರುವ ಗುತ್ತಿಗೆಗಳನ್ನು ಒಟ್ಟಿಗೆ ಲೆಕ್ಕ ಹಾಕಬೇಕು. ನಮ್ಮ ಗುಡ್ಡದಲ್ಲಿ ಒಟ್ಟಿಗೆ ಲೆಕ್ಕ ಹಾಕಲೇಬೇಕಾಗಿ ಬಂದದ್ದರಿಂದಲೇ ಈ ಅಹವಾಲು ಸಭೆ ನಡೆಯುತ್ತಿದೆ. ಯಾರೂ ನಮಗೆ ಉಪಕಾರ ಮಾಡುತ್ತಿಲ್ಲ.

ನಮ್ಮ ಸೊಪ್ಪು, ನಮ್ಮ ಹುಳು, ನಮ್ಮ ಎದೆಗೂಡು

ಹಿಪ್ಪುನೇರಳೆ ತೋಟ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ. ಸೊಪ್ಪಿನ ಮೇಲೆ ಕಲ್ಲಿನ ಧೂಳು ಕೂತರೆ ಹುಳು ಮೇಯುವುದಿಲ್ಲ, ಮೇಯ್ದರೂ ಏಳುವುದಿಲ್ಲ. ಹಣ್ಣಾಗುವ ಹೊತ್ತಿಗೆ ಚಂದ್ರಿಕೆಗೆ ಬಿಡಲು ಹುಳುವೇ ಉಳಿದಿರುವುದಿಲ್ಲ. ಕೈಗೆ ಸಿಕ್ಕಷ್ಟು ಗೂಡನ್ನು ಶಿಡ್ಲಘಟ್ಟ ಮಾರುಕಟ್ಟೆಗೆ ಕೊಂಡೊಯ್ದರೆ ಬೆಲೆ ಬಿದ್ದುಹೋಗುತ್ತದೆ. ಕ್ರಷರ್ ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ಗಾಳಿಯಲ್ಲಿ ತೇಲುವ ಧೂಳು ಪ್ರತಿ ಘನ ಮೀಟರ್‌ಗೆ 600 ಮೈಕ್ರೋಗ್ರಾಂ ದಾಟಬಾರದು ಎಂಬ ಮಿತಿ ಇದೆ. ಅಳೆದ ಕಾಗದವನ್ನು ಊರಿನ ಮುಂದೆ ಇಡಿ. ಸೊಪ್ಪಿಗೆ ಕೂತ ಧೂಳೇ ನಮ್ಮ ಮಕ್ಕಳ ಎದೆಗೂ ಇಳಿಯುತ್ತದೆ. ಆ ಧೂಳು ತರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯನ್ನು ಗುಣಪಡಿಸುವ ಮದ್ದಿಲ್ಲ.

ಸಿಡಿಮದ್ದಿನ ಕಥೆ ಮರೆತುಹೋಯಿತೇ? 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ರಷರ್ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ಪಕ್ಕದ ಜಿಲ್ಲೆಗಳ ಜನ ಭೂಕಂಪ ಎಂದುಕೊಂಡು ಬೀದಿಗೆ ಓಡಿಬಂದರು. ಮರು ತಿಂಗಳೇ ನಮ್ಮದೇ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು 6 ಜನ ಸತ್ತರು. ಆಗ ಎಷ್ಟು ಕಾರುಗಳು ಬಂದವು, ಎಷ್ಟು ಭಾಷಣಗಳಾದವು! ಇವತ್ತು ನಮ್ಮ ಗೋಡೆಗಳು ಬಿರುಕು ಬಿಟ್ಟಿವೆ, ನೋಡಲು ಒಬ್ಬರೂ ಬರುತ್ತಿಲ್ಲ. ಬಂದಿರುವುದು ಗುಂಡಿಯನ್ನು ಇನ್ನೂ ದೊಡ್ಡದು ಮಾಡುವ ಅರ್ಜಿ ಮಾತ್ರ.

ಅಭಿವೃದ್ಧಿಗೆ ಅಡ್ಡಿಯೇ?

ಜಲ್ಲಿ ಇಲ್ಲದೆ ರಸ್ತೆ ಹೇಗೆ, ಎಂ-ಸ್ಯಾಂಡ್ ಇಲ್ಲದೆ ಮನೆ ಹೇಗೆ ಎಂದು ಕೇಳುತ್ತಾರೆ. ಅಯ್ಯಾ ಅಭಿವೃದ್ಧಿ ಪುರುಷರೇ, ಬೆಂಗಳೂರಿನ ಬಹುಮಹಡಿಗಳಿಗೆ ಜಲ್ಲಿ ಹೊತ್ತ ಟಿಪ್ಪರ್‌ಗಳು ಓಡಿ ಓಡಿ ನಮ್ಮ ಊರಿನ ರಸ್ತೆ ಏನಾಗಿದೆ? ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರನ್ನು ಕೇಳಿ, ಹೇಳುತ್ತಾರೆ. ಉದ್ಯೋಗ ಕೊಟ್ಟಿದ್ದೇವೆ ಎನ್ನುತ್ತಾರೆ. ಎಷ್ಟು ಮಂದಿಗೆ? ಯಾರಿಗೆ? ದೊಡ್ಡ ಯಂತ್ರ ಬಂದ ಮೇಲೆ ಉಳಿ ಸುತ್ತಿಗೆ ಹಿಡಿದು ಚಪ್ಪಡಿ, ಕಂಬ ಎಬ್ಬಿಸುತ್ತಿದ್ದ ನಮ್ಮೂರ ಕಲ್ಲುಕುಟಿಗರನ್ನೇ ಗುಡ್ಡದಿಂದ ಓಡಿಸಿದವರು ಇವರು. ಕಲ್ಲು ಒಡೆದು ಹೊಟ್ಟೆ ಹೊರೆಯುವ ಬಡವರ ಮೇಲೆ ನಮಗೆ ದ್ವೇಷವಿಲ್ಲ. ಅವರು ನಮ್ಮ ಜೊತೆ ನಿಲ್ಲಬೇಕಾದವರು.

ಎಲ್ಲವೂ ಕಾನೂನು ಪ್ರಕಾರವೇ ಇದೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೆ: ಹಾಗಿದ್ದರೆ ಹೆದರಿಕೆ ಯಾಕೆ? ಗುಂಡಿಯ ಹತ್ತಿರ ಬಂದವರನ್ನು ಅಟ್ಟುವುದು ಯಾಕೆ?

ಹಸಿರು ಶಾಲು ಹೊದ್ದ ಕೆಲವರಿಗೂ ಒಂದು ಮಾತು. ಕನ್ನಂಬಾಡಿ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಎಂದು 2024ರ ಜನವರಿಯಲ್ಲಿ ಹೈಕೋರ್ಟ್ ತಡೆದಾಗ ಪಟಾಕಿ ಹೊಡೆದಿರಿ. ನಾವೂ ಸಂತೋಷಪಟ್ಟೆವು. ಆದರೆ ಈ ಗುಡ್ಡದ ವಿಷಯ ಬಂದಾಗ ನಿಮ್ಮ ಬಾಯಿಗೆ ಬೀಗ ಬಿದ್ದದ್ದು ಯಾಕೆ? ನಿಮ್ಮಲ್ಲಿ ಯಾರ ಯಾರ ಮನೆಯ ಮುಂದೆ ಟಿಪ್ಪರ್ ನಿಂತಿದೆ ಎಂಬುದು ಊರಿಗೆ ಗೊತ್ತು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕ್ವಾರಿಯವರ ದುಡ್ಡು ತಂದು, ಜಾತ್ರೆಯ ಬ್ಯಾನರ್‌ನಲ್ಲಿ ಅವರ ಫೋಟೋ ಹಾಕಿಸಿದ ಯುವಕ ಮಿತ್ರರೇ, ಗುಡ್ಡದ ಮೇಲಿನ ದೇವರಿಗೆ ಬಣ್ಣ ಹೊಡೆಸಿ ಅದೇ ದೇವರ ಬುಡಕ್ಕೆ ಮದ್ದು ಇಡಲು ಬಿಡುತ್ತೀರಾ? ಭಾನುವಾರ ನಂದಿ ಬೆಟ್ಟ ಹತ್ತಿ ಪರಿಸರ ಉಳಿಸಿ ಎನ್ನುವ ನಗರದ ಸ್ನೇಹಿತರೇ, ಹೆಸರಿಲ್ಲದ ಗುಡ್ಡಗಳೂ ಬೆಟ್ಟಗಳೇ. ಬನ್ನಿ, ಇಲ್ಲವಾದರೆ ಉಪದೇಶ ನಿಲ್ಲಿಸಿ.

ಸೋಮವಾರ ಯಾಕೆ ಬರಲೇಬೇಕು?

ಅಹವಾಲು ಸಭೆಗೆ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆಯಿತು ಎಂದೇ ದಾಖಲಾಗುತ್ತದೆ. ನಾವು ಬರದಿದ್ದರೆ ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಸಭೆ ನಡೆಸಬೇಕು, ಇಡೀ ಸಭೆಯ ವಿಡಿಯೋ ಆಗಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಇವು ನಮ್ಮ ಹಕ್ಕು, ಯಾರ ಕೃಪೆಯೂ ಅಲ್ಲ.

ಆದ್ದರಿಂದ ಬಂಧುಗಳೇ, ಅಂದು ಕೂಲಿ ಬಿಡಿ, ಸೊಪ್ಪು ಕೊಯ್ಯುವುದನ್ನು ಮುಂಜಾನೆಯೇ ಮುಗಿಸಿ. ಮನೆಗೊಬ್ಬರಲ್ಲ, ಮನೆಯವರೆಲ್ಲ ಬನ್ನಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂರಿ, ಮೈಕ್ ಕೇಳಿ ಪಡೆಯಿರಿ. ಬಿರುಕು ಬಿಟ್ಟ ಗೋಡೆಯ, ಧೂಳು ಕೂತ ತೋಟದ ಫೋಟೋ ತನ್ನಿ. ಮಾತಾಡಲು ಆಗದವರು ಬರೆದು ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ದುಡ್ಡು, ಬಾಡೂಟ, ಬೆದರಿಕೆ ಯಾವುದಕ್ಕೂ ಬಗ್ಗಬೇಡಿ. ನ್ಯಾಯ ಸಿಗುವವರೆಗೂ ಜಾತಿ, ಪಕ್ಷ ಬಿಟ್ಟು ಒಂದಾಗಿ ನಿಲ್ಲೋಣ. ಗುಡ್ಡ ಹೋದರೆ ಅದನ್ನು ಮತ್ತೆ ಕಟ್ಟಿಕೊಡಲು ಯಾವ ಸರ್ಕಾರದಿಂದಲೂ ಆಗುವುದಿಲ್ಲ.

ಓದಿ, ಓದಲು ಬಾರದವರಿಗೆ ಓದಿ ಹೇಳಿ, ಪಕ್ಕದ ಊರಿಗೆ ದಾಟಿಸಿ.

ಇಂತಿ,
ಗುಡ್ಡದ ಸುತ್ತಲಿನ ಹಳ್ಳಿಗಳ ರೈತರು ಮತ್ತು ರೇಷ್ಮೆ ಬೆಳೆಗಾರರು